ಲೆಕ್ಕ ಕೇಳುವವರನ್ನು ಕೇಳುವವರು ಯಾರು?

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ 2022-23ನೇ ಸಾಲಿನ ಲೆಕ್ಕಪರಿಶೋಧನೆ 2023ರ ಸೆಪ್ಟೆಂಬರ್ 30ರೊಳಗೆ ಮುಗಿಯಬೇಕಿತ್ತು. ಆ ಗಡುವಿನ ವೇಳೆಗೆ 467 ಸಂಸ್ಥೆಗಳ ಪೈಕಿ ಪರಿಶೋಧನೆ ಪೂರ್ಣಗೊಂಡಿದ್ದು ಐದರದ್ದು ಮಾತ್ರ, ನೂರಕ್ಕೆ ಒಂದು. ಊರಿನ ಪಂಚಾಯಿತಿಯಲ್ಲಿ ಹೀಗಾಗಿದ್ದರೆ ‘ನಮ್ಮ ದೇಶದ ಹಣೆಬರಹವೇ ಇಷ್ಟು’ ಎಂದು ಹಳಿಯುತ್ತಿದ್ದ ನಾವು, ತಿಂಗಳು ತಿಂಗಳೂ ಕೌನ್ಸಿಲ್ ತೆರಿಗೆ ಕಟ್ಟುವ ಈ ನೆಲದ ವಿಚಾರದಲ್ಲಿ ಮೌನವಾಗಿದ್ದೇವೆ.

ಇದು ಆಕಸ್ಮಿಕವಲ್ಲ, ಒಂದು ರಾಜಕೀಯ ನಿರ್ಧಾರದ ಫಲ. 1983ರಿಂದ ಕೆಲಸ ಮಾಡುತ್ತಿದ್ದ ಆಡಿಟ್ ಕಮಿಷನ್ ಪರಿಶೋಧಕರನ್ನು ನೇಮಿಸುತ್ತಿತ್ತು, ಅವರ ಕೆಲಸದ ಗುಣಮಟ್ಟವನ್ನೂ ನೋಡಿಕೊಳ್ಳುತ್ತಿತ್ತು. ಅದನ್ನು ರದ್ದುಗೊಳಿಸುವುದಾಗಿ 2010ರಲ್ಲಿ ಸಚಿವ ಎರಿಕ್ ಪಿಕಲ್ಸ್ ಘೋಷಿಸಿದರು. 2015ರ ಮಾರ್ಚ್‌ನಲ್ಲಿ ಅದು ಬಾಗಿಲು ಮುಚ್ಚಿತು. ಹಣ ಉಳಿಯುತ್ತದೆ, ಅಧಿಕಾರಶಾಹಿ ಕರಗುತ್ತದೆ ಎಂಬುದು ಅಂದಿನ ಭರವಸೆ. ಆದದ್ದೇನು? ನೇಮಕ ಒಬ್ಬರ ಪಾಲಾಯಿತು, ನಿಯಮಾವಳಿ ಇನ್ನೊಬ್ಬರದಾಯಿತು, ಗುಣಮಟ್ಟದ ತಪಾಸಣೆ ಮತ್ತೊಬ್ಬರ ಕೈ ಸೇರಿತು. ಇಡೀ ವ್ಯವಸ್ಥೆಗೆ ಹೊಣೆಗಾರರೇ ಇಲ್ಲವಾದರು. 2020ರಲ್ಲಿ ಸರ್ ಟೋನಿ ರೆಡ್ಮಂಡ್ ವರದಿ ಈ ಕೊರತೆಯನ್ನೇ ಎತ್ತಿ ತೋರಿಸಿ, ಒಂದು ಸ್ವತಂತ್ರ ಸಂಸ್ಥೆ ಬೇಕೆಂದಿತು. ಅಂದಿನ ಸರ್ಕಾರ ಅದನ್ನು ಒಪ್ಪಲಿಲ್ಲ.

ಕೌನ್ಸಿಲ್‌ಗಳ ಸಂಕಷ್ಟಕ್ಕೆ ಅನುದಾನ ಕಡಿತವೇ ಕಾರಣ, ಪರಿಶೋಧನೆಯಲ್ಲ ಎಂದು ನಮ್ಮದೇ ಪಾಳಯದ ಹಲವರು ವಾದಿಸುತ್ತಾರೆ. ಇದು ಅರ್ಧಸತ್ಯ. ಮಿತವ್ಯಯದ ಹೆಸರಿನ ಕಡಿತಗಳು ಕೌನ್ಸಿಲ್‌ಗಳನ್ನು ಹಿಂಡಿದ್ದು ನಿಜ. ಆದರೆ ಸುಮಾರು ಒಂದು ಲಕ್ಷ ಜನಸಂಖ್ಯೆಯ ವೋಕಿಂಗ್ 2023ರ ಜೂನ್‌ನಲ್ಲಿ 120 ಕೋಟಿ ಪೌಂಡ್‌ಗಳ ಕೊರತೆ ಘೋಷಿಸಿದ್ದು ಸಾಲ ತಂದು ಕಟ್ಟಡಗಳ ಮೇಲೆ ಸುರಿದುದರಿಂದ. ಇಂಥ ಸಾಹಸಕ್ಕೆ ಸಕಾಲದಲ್ಲಿ ಎಚ್ಚರಿಕೆಯ ಗಂಟೆ ಬಾರಿಸುವುದೇ ಪರಿಶೋಧಕರ ಕೆಲಸ. ತಡವಾದರೆ ಬೆಲೆ ತೆರುವವರು ಬಡವರು. ಬರ್ಮಿಂಗ್‌ಹ್ಯಾಮ್ 2023ರ ಸೆಪ್ಟೆಂಬರ್‌ನಲ್ಲಿ ಆರ್ಥಿಕ ಸಂಕಟ ಘೋಷಿಸಿತು. ಮರುವರ್ಷವೇ ಅಲ್ಲಿನ ಕೌನ್ಸಿಲ್ ತೆರಿಗೆ ಶೇ. 9.99ರಷ್ಟು ಏರಿತು, ಗ್ರಂಥಾಲಯಗಳಿಗೂ ಕತ್ತರಿ ಬಿತ್ತು.

ಹಾಗಾದರೆ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು? ಶುಲ್ಕಕ್ಕೆ ದುಡಿಯುವ ಬೆರಳೆಣಿಕೆಯ ಖಾಸಗಿ ಸಂಸ್ಥೆಗಳ ವೃತ್ತಿಬಳಗದ ಕೈಯಲ್ಲಿ ಅಲ್ಲ. ಅನುದಾನ ಕೊಡುವ, ಕಡಿಯುವ ಸಚಿವರ ಕೈಯಲ್ಲಿಯೂ ಅಲ್ಲ. ಲೋಕಲ್ ಆಡಿಟ್ ಆಫೀಸ್ ಸ್ಥಾಪಿಸುವುದಾಗಿ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿದ್ದು ಸ್ವಾಗತಾರ್ಹ. ಆದರೆ ಅದರ ಮುಖ್ಯಸ್ಥರು ಸಂಸತ್ತಿಗೆ ಉತ್ತರದಾಯಿಗಳಾಗಿರಬೇಕು. ಸಚಿವರ ಮರ್ಜಿಯಲ್ಲಿದ್ದರೆ ಹಳೆಯ ರೋಗಕ್ಕೆ ಹೊಸ ಹೆಸರಿಟ್ಟಂತಾಗುತ್ತದೆ.

ತವರಿನ ಅನುಭವವೂ ಇದನ್ನೇ ಹೇಳುತ್ತದೆ. ನಮ್ಮ ಸಂವಿಧಾನದ 243-ಜೆ ಮತ್ತು 243-ಝಡ್ ವಿಧಿಗಳು ಪಂಚಾಯಿತಿ, ನಗರಸಭೆಗಳ ಪರಿಶೋಧನೆಯನ್ನು ರಾಜ್ಯ ಶಾಸಕಾಂಗಕ್ಕೆ ಬಿಟ್ಟಿವೆ. ಕರ್ನಾಟಕದಲ್ಲಿ ಈ ಕೆಲಸದ ಬಹುಪಾಲು ನಡೆಸುವ ಇಲಾಖೆ ಇರುವುದು ಹಣಕಾಸು ಇಲಾಖೆಯ ಅಧೀನದಲ್ಲಿ. ಅಂದರೆ ಕೊಡುವವರೇ ಕಾಯುವವರು. ಇದಕ್ಕೆ ಪ್ರತಿಯಾದ ದಾರಿಯನ್ನು ತೋರಿದ್ದು 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನಡೆಸಿದ ಜನಸುನ್‌ವಾಯಿಗಳು. ಕೂಲಿಕಾರರ ಎದುರೇ ಹಾಜರಿ ಪಟ್ಟಿ ಓದಿದಾಗ ಸುಳ್ಳು ಲೆಕ್ಕ ಬಯಲಾಯಿತು.

ಅಂಥದೊಂದು ಸಾಧನ ಇಲ್ಲಿಯೂ ಇದೆ. 2014ರ ಕಾಯ್ದೆಯ ಪ್ರಕಾರ ಪ್ರತಿವರ್ಷ 30 ಕೆಲಸದ ದಿನಗಳ ಕಾಲ ಕೌನ್ಸಿಲ್ಲಿನ ಲೆಕ್ಕಪತ್ರಗಳನ್ನು ಜನ ಪರಿಶೀಲಿಸಬಹುದು. ಸ್ಥಳೀಯ ಮತದಾರರು ಪರಿಶೋಧಕರಿಗೆ ಆಕ್ಷೇಪಣೆ ಸಲ್ಲಿಸಬಹುದು. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗೂ, ಕಾಮನ್‌ವೆಲ್ತ್ ನಾಗರಿಕನೆಂಬ ನೆಲೆಯಲ್ಲಿ, ಮತದಾರರ ಪಟ್ಟಿ ಸೇರುವ ಹಕ್ಕಿದೆ. ಮೊದಲು ಪಟ್ಟಿಗೆ ಹೆಸರು ಸೇರಿಸೋಣ. ಬರುವ ಬೇಸಿಗೆಯಲ್ಲಿ ನಮ್ಮ ನಮ್ಮ ಕೌನ್ಸಿಲ್ಲಿನ ಲೆಕ್ಕದ ಪುಸ್ತಕ ತೆರೆಸೋಣ.