ಹೆಸರಿಲ್ಲದ ಫೋಟೋಗಳು

"ನಮ್ಮಂಥ ಗುಮಾಸ್ತರ ಮನೆತನಕ್ಕೆ ಎಂಥ ಚರಿತ್ರೆ?" ಎನ್ನುವವರಿಗೆ ನಮ್ಮದೊಂದು ಪ್ರಶ್ನೆ. ಡಚ್ಚರು ಕೊಚ್ಚಿಯನ್ನು ಕಳೆದುಕೊಂಡದ್ದು 1795ರಲ್ಲಿ. ಆದರೂ ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನ ದಾಖಲೆ ಪುಸ್ತಕದಲ್ಲಿ 1751ರಿಂದ 1804ರವರೆಗಿನ ಮದುವೆ, ದೀಕ್ಷಾಸ್ನಾನಗಳ ಹೆಸರುಗಳು ಉಳಿದಿವೆ. ಅವರೆಲ್ಲ ಗವರ್ನರುಗಳೇನಲ್ಲ!

ಅದೇ ಊರಿನ ನಮ್ಮ ಮನೆಗಳಲ್ಲಿ? ಟ್ರಂಕಿನಲ್ಲಿ ಅಜ್ಜನ ಫೋಟೋ ಇದೆ; ಪಕ್ಕದಲ್ಲಿ ನಿಂತವರಾರೆಂದು ಮಕ್ಕಳು ಕೇಳಿದರೆ ಉತ್ತರವಿಲ್ಲ. ಕಚೇರಿಯಲ್ಲಿ ನಂಬರು, ತಾರೀಖು ಇಲ್ಲದ ಕಾಗದವನ್ನು ಮುಟ್ಟದ ನಾವು ಮನೆಯ ಕಡತವನ್ನು ಮಳೆಗಾಲದ ಬೂಷ್ಟಿಗೆ ಒಪ್ಪಿಸಿದ್ದೇವೆ. ಮೊಬೈಲಿನಲ್ಲಿ ಸಾವಿರ ಚಿತ್ರ ತುಂಬಿದರೆ ಸಾಲದು.

ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮುಂದೆ ಕುಳಿತು, ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಯೋಣ. ಅವರ ಕಥೆಗಳನ್ನು ಕನ್ನಡದಲ್ಲೇ ನೋಟುಬುಕ್ಕಿಗೆ ಇಳಿಸೋಣ. ಅಜ್ಜಿ ಹೋದ ಮೇಲೆ ಆ ಉತ್ತರ ಯಾವ ಕಚೇರಿಯಲ್ಲೂ ಸಿಗದು.