ಅಗ್ಗದ ರೈಫಲೂ ಗೃಹಸ್ಥರ ವಿವೇಕವೂ

ವಿಜಯನಗರದ ನಮ್ಮ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಅವರು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಸ್ಥರು. ಹದಿನಾಲ್ಕು ವರ್ಷದ ಅವರ ಮಗಳಿಗೆ ಗುರಿಗಾರಿಕೆಯಲ್ಲಿ ಆಸೆ ಹುಟ್ಟಿದೆ. ಅಲ್ಪಸ್ವಲ್ಪ ಹಣದಲ್ಲಿ ಒಳ್ಳೆಯ ಅರೆ-ಸ್ವಯಂಚಾಲಿತ ರೈಫಲೊಂದನ್ನು ಆರಿಸುವ ಬಗೆ ಹೇಗೆ, ಕೆಂಗೇರಿಯ ಆಚೆ ಜಮೀನುಳ್ಳ ತಮ್ಮ ಭಾವಮೈದುನರಿಗೂ ಅದೇ ಕೋವಿ ಚಿರತೆಯ ಭಯಕ್ಕೆ ಒದಗೀತೆ, ಎಂದು ಅವರು ಕೇಳಿದ್ದಾರೆ. ಇಂಥ ಪ್ರಶ್ನೆ ರಾಜಾಜಿನಗರದಿಂದ ಬಸವೇಶ್ವರನಗರದವರೆಗೆ ಅನೇಕ ಮನೆಗಳಲ್ಲಿ ಹುಟ್ಟತಕ್ಕದ್ದೇ ಆದುದರಿಂದ, ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಬೆಲೆಯ ಮಾತಿಗಿಂತ ಮುಂಚೆ ಕಾಯಿದೆಯ ಮಾತನ್ನು ಆಡಬೇಕು. ಅರೆ-ಸ್ವಯಂಚಾಲಿತವೆಂದರೆ, ಟ್ರಿಗರನ್ನು ಎಳೆದ ಪ್ರತಿ ಸಾರಿಯೂ ಒಂದೇ ಗುಂಡು ಹೊರಟು, ಮುಂದಿನ ತೋಟಾ ತಾನಾಗಿ ಬಂದು ಸಿದ್ಧವಾಗುವ ಆಯುಧ. 2016ರ ಆಯುಧ ನಿಯಮಗಳು, ಪಿಸ್ತೂಲು ಮೊದಲಾದ ಕೆಲವನ್ನು ಬಿಟ್ಟು, ಈ ಜಾತಿಯ ಬಂದೂಕುಗಳನ್ನು ನಿರ್ಬಂಧಿತ ವರ್ಗದಲ್ಲಿ ಇರಿಸಿವೆ. ಸೈನ್ಯದ ತೋಟಾಗಳನ್ನು ಹಾರಿಸಬಲ್ಲ .303 ಮತ್ತು 7.62 ಮಿಲಿಮೀಟರಿನ ರೈಫಲುಗಳೂ ಅದೇ ಸಾಲಿನಲ್ಲಿವೆ. ಇವುಗಳ ಅನುಮತಿಯು ಕೇಂದ್ರದ ಗೃಹಖಾತೆಗೆ ಸೇರಿದ್ದು. ನಗರದ ಪೋಲೀಸ್ ಕಮಿಷನರು ಕೊಡಬಲ್ಲ ಸಾಮಾನ್ಯ ಲೈಸೆನ್ಸಿನಿಂದ ಇವು ದೊರೆಯುವುದಿಲ್ಲ. ಆದುದರಿಂದ, ಅಗ್ಗವಾದ ಅರೆ-ಸ್ವಯಂಚಾಲಿತ ರೈಫಲು ಯಾವುದೆಂಬ ಪ್ರಶ್ನೆಯು ಸಾಮಾನ್ಯ ಗೃಹಸ್ಥನ ಪಾಲಿಗೆ ಏಳುವುದೇ ಇಲ್ಲ.

ಇದನ್ನು ಕೇಳಿ ಕೆಲವರು ಅಸಮಾಧಾನಗೊಳ್ಳಬಹುದು. ಅದಕ್ಕೆ ಚರಿತ್ರೆಯಲ್ಲಿ ಕಾರಣವೂ ಉಂಟು. 1878ರ ಆಯುಧ ಕಾಯಿದೆಯು ಯೂರೋಪಿಯನರಿಗೆ ವಿನಾಯಿತಿ ಕೊಟ್ಟು ಭಾರತೀಯರ ಕೈಯನ್ನು ಬರಿದು ಮಾಡಿತು. ಆ ಅವಮಾನವನ್ನು ನೆನೆದೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳಲ್ಲಿ ಸೇರಿಸಿತ್ತು. ಮಂಗಳೂರಿನಲ್ಲಿ ಜನಿಸಿದ ಹೆಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅದೇ ಹಕ್ಕಿಗಾಗಿ ತಿದ್ದುಪಡಿ ತಂದರು, ಸಭೆ ಒಪ್ಪಲಿಲ್ಲ. ಸ್ವತಂತ್ರ ಭಾರತದ 1959ರ ಕಾಯಿದೆಯು ವರ್ಣಭೇದವನ್ನು ತೊಡೆದುಹಾಕಿತು, ಲೈಸೆನ್ಸನ್ನು ಉಳಿಸಿಕೊಂಡಿತು. ನಮ್ಮ ರಾಜ್ಯದಲ್ಲಿಯೇ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಿಂದ ಬಂದ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿರುವುದನ್ನು ನಮ್ಮ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಆದರೆ ಕೊಡಗಿನಲ್ಲಿ ಕೋವಿಯು ಹುಟ್ಟು ಸಾವುಗಳ ಆಚಾರದೊಡನೆ ಬೆಳೆದುಬಂದದ್ದು; ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವಂಥದು. ಗೋಡೆಗೆ ಗೋಡೆ ತಾಗಿದ ನಮ್ಮ ಪಶ್ಚಿಮ ಬಡಾವಣೆಗಳಿಗೆ ಆ ಹೋಲಿಕೆ ಸಲ್ಲದು. ಇಲ್ಲಿ ಗುರಿ ತಪ್ಪಿದ ಗುಂಡು ನೆರೆಮನೆಯ ಕಿಟಕಿಗೆ ಹೋಗುತ್ತದೆ. ಕಾಯಿದೆಯ ಈ ನಿರ್ಬಂಧವನ್ನು ನಾವು ಪರರ ಸಂಕೋಲೆಯೆಂದು ಎಣಿಸುವುದಿಲ್ಲ. ನಾವೇ ನಮಗೆ ಹಾಕಿಕೊಂಡ ಕಟ್ಟೆಂದು ತಿಳಿಯುತ್ತೇವೆ.

ಕೆಂಗೇರಿಯ ಭಾವಮೈದುನರಿಗೆ ಎರಡು ಮಾತು ಸಾಕು. ಚಿರತೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ತುರಹಳ್ಳಿಯ ಕಾಡಿನ ಅಂಚಿನಲ್ಲಿ ಅದು ಕಾಣಿಸಿಕೊಂಡಾಗ ಅರಣ್ಯ ಇಲಾಖೆಯವರನ್ನು ಕರೆದು ಬೋನು ಇಡಿಸುವುದೇ ಮಾರ್ಗ. ರೈಫಲಿನಿಂದ ಗಾಯಗೊಂಡ ಚಿರತೆಯು ಗಾಯಗೊಳ್ಳದ ಚಿರತೆಗಿಂತ ಹತ್ತು ಪಾಲು ಅಪಾಯಕಾರಿ.

ಇನ್ನು ಆ ಬಾಲಿಕೆಯ ವಿಷಯ. ನಮಗೆ ಮುಖ್ಯವಾದುದು ಇದೇ. ಜಗತ್ತಿನ ಅತ್ಯುನ್ನತ ಸ್ಪರ್ಧೆಯಾದ ಒಲಿಂಪಿಕ್ಸಿನಲ್ಲಿ ರೈಫಲಿನ ಯಾವ ಪಂದ್ಯದಲ್ಲಿಯೂ ಅರೆ-ಸ್ವಯಂಚಾಲಿತಕ್ಕೆ ಸ್ಥಾನವಿಲ್ಲವೆಂಬುದನ್ನು ಆಕೆಯ ತಂದೆಯವರು ಗಮನಿಸಬೇಕು. ಅಲ್ಲಿ ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹೊಡೆಯಬೇಕು. ಹತ್ತು ಮೀಟರಿನ ಏರ್ ರೈಫಲ್ ಪಂದ್ಯದಲ್ಲಿ ನಡುವಿನ ಗುರಿಯು ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಅರ್ಹತೆಯ ಸುತ್ತಿಗೆ ಅರವತ್ತು ಗುಂಡು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಚಿನ್ನ ತಂದುಕೊಟ್ಟದ್ದು ಈ ಪಂದ್ಯವೇ. 2024ರಲ್ಲಿ ಪ್ಯಾರಿಸಿನಲ್ಲಿ ಐವತ್ತು ಮೀಟರಿನ ರೈಫಲಿನಿಂದ ಕಂಚು ಗೆದ್ದವರು ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರಾಗಿದ್ದವರು. ಉಸಿರಿನ ಹಿಡಿತಕ್ಕೂ ಮನಸ್ಸಿನ ಸ್ಥಿರತೆಗೂ ಅಲ್ಲಿ ಬಹುಮಾನವೇ ಹೊರತು ಗುಂಡುಗಳ ವೇಗಕ್ಕಲ್ಲ.

.177 ಬೋರನ್ನೂ 20 ಜೌಲಿನ ಶಕ್ತಿಯನ್ನೂ ಮೀರದ ಏರ್ ರೈಫಲಿಗೆ ಲೈಸೆನ್ಸಿನ ಅಗತ್ಯವಿಲ್ಲ. .22 ರೈಫಲಿಗೆ ಲೈಸೆನ್ಸು ಬೇಕು. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಅದು ದೊರೆಯದು, ಎಳೆಯ ಗುರಿಗಾರರಿಗೆ ತರಬೇತಿಯ ಮಟ್ಟಿಗೆ ಮಾತ್ರ ನಿಯಮಗಳಲ್ಲಿ ಎಡೆಯುಂಟು. ಆದುದರಿಂದ ಏರ್ ರೈಫಲಿನಿಂದಲೇ ಆರಂಭಿಸುವುದು ಯುಕ್ತ. ಅದನ್ನೂ ಮೊದಲ ದಿನವೇ ಕೊಳ್ಳಬಾರದು. ಮೊದಲ ಕೆಲವು ತಿಂಗಳು ತರಬೇತಿ ಶಾಲೆಯ ರೈಫಲಿನಲ್ಲಿಯೇ ಅಭ್ಯಾಸ ಮಾಡಲಿ. ಮಗಳ ಆಸೆ ನಿಂತಿತೆಂದು ಖಚಿತವಾದ ಮೇಲೆ ಅಳತೆಗೆ ಒಪ್ಪುವ ಜಾಕೀಟು, ಕೈಗವಸು, ಆಮೇಲೆ ರೈಫಲು. ಆಕೆಯ ಭುಜಕ್ಕೂ ಕೆನ್ನೆಗೂ ಹೊಂದುವಂತೆ ಹಿಡಿಯನ್ನು ಸರಿಪಡಿಸಲು ಬರುವುದೇ ಎಂದು ನೋಡಬೇಕು. ಇತರರು ಬಳಸಿದ ರೈಫಲನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ, ಉಳಿತಾಯವಿದೆ. ಆದರೆ ಅದರ ಗಾಳಿಯ ಸಿಲಿಂಡರಿನ ಮೇಲಿನ ತಾರೀಖನ್ನು ಓದದೆ ಹಣ ಎಣಿಸಬಾರದು. ಹೆಸರಾಂತ ತಯಾರಕರು ಸಿಲಿಂಡರಿಗೆ ಕೊಡುವ ಆಯುಸ್ಸು ಹತ್ತು ವರ್ಷ; ಅವಧಿ ಮೀರಿದ್ದನ್ನು ಪಂದ್ಯದಲ್ಲಿ ಒಪ್ಪುವುದಿಲ್ಲ, ಮನೆಯಲ್ಲಿಯೂ ಇಡತಕ್ಕದ್ದಲ್ಲ. ಅಗ್ಗವೆಂದು ತಂದದ್ದು ಹೊಸ ಸಿಲಿಂಡರಿನ ಬೆಲೆಯೊಡನೆ ದುಬಾರಿಯಾಗಿ ಪರಿಣಮಿಸಿದರೆ ಆಶ್ಚರ್ಯವಿಲ್ಲ. ಲೈಸೆನ್ಸು ಬೇಡವೆಂದ ಮಾತ್ರಕ್ಕೆ ಅದು ಆಟದ ಸಾಮಾನಲ್ಲ. ಬೀಗ ಹಾಕಿದ ಪೆಟ್ಟಿಗೆಯೇ ಅದರ ಜಾಗ, ಮಹಡಿಯ ಮೇಲಿನ ಹಕ್ಕಿಗಳು ಅದರ ಗುರಿಯಲ್ಲ.

ಇಷ್ಟು ಹೇಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಪಂದ್ಯಕ್ಕೆ ಒಪ್ಪುವ ವಿದೇಶೀ ಏರ್ ರೈಫಲಿನ ಬೆಲೆ ಲಕ್ಷಗಳಲ್ಲಿದೆ. ಗುಮಾಸ್ತರ ಮಗಳಿಗೂ ಉಪಾಧ್ಯಾಯರ ಮಗನಿಗೂ ಅದು ಎಟುಕುವಂಥದಲ್ಲ. ಮಿತವ್ಯಯದ ಉಪದೇಶದಿಂದ ಈ ಕೊರತೆ ತುಂಬದು. ಸಾರ್ವಜನಿಕ ಏರ್ಪಾಡಿನಿಂದ ಮಾತ್ರ ತುಂಬೀತು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯು ಐದಾಗಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯು ಉದಯಿಸಿತು. ಹೊಸ ಪಾಲಿಕೆಯವರು ರಸ್ತೆ, ಚರಂಡಿ, ಕಸಗಳ ಚಿಂತೆಯಲ್ಲಿರುವುದನ್ನು ನಾವು ಬಲ್ಲೆವು. ಆದರೆ ಹತ್ತು ಮೀಟರಿನ ಗುರಿಶಾಲೆಗೆ ಬೇಕಾದುದು ಮೈದಾನವಲ್ಲ. ಭದ್ರವಾದ ಗೋಡೆಯುಳ್ಳ ಒಂದು ಉದ್ದನೆಯ ಕೋಣೆ, ಹತ್ತಾರು ರೈಫಲು, ಬೀಗವುಳ್ಳ ಒಂದು ಬೀರು, ನುರಿತ ಒಬ್ಬ ಶಿಕ್ಷಕ. ಪಾಲಿಕೆಯ ಒಂದು ಕಟ್ಟಡದಲ್ಲಿ ಇಷ್ಟನ್ನು ಏರ್ಪಡಿಸುವುದು ಅಸಾಧ್ಯವೇನಲ್ಲ. ಗ್ರಂಥಭಂಡಾರದಲ್ಲಿ ಪುಸ್ತಕವನ್ನು ಎರವಲು ಕೊಡುವಂತೆ, ಅಲ್ಲಿ ಗಂಟೆಯ ಲೆಕ್ಕದಲ್ಲಿ ಸ್ವಲ್ಪ ಶುಲ್ಕಕ್ಕೆ ರೈಫಲು ದೊರೆಯಲಿ. ಅದು ಕಟ್ಟಡವನ್ನು ಬಿಟ್ಟು ಹೊರಗೆ ಹೋಗದಿರಲಿ.

ಕೋವಿಯನ್ನು ಮನೆಯಿಂದ ದೂರವಿರಿಸುವ ಹಕ್ಕು ಸರ್ಕಾರಕ್ಕೆ ಇದೆಯೆಂದು ನಾವು ಒಪ್ಪುತ್ತೇವೆ. ಹಾಗೆ ದೂರವಿರಿಸಿದ ಸರ್ಕಾರವು ವಿದ್ಯೆಯನ್ನು ಬಡವರ ಮಕ್ಕಳ ಹತ್ತಿರಕ್ಕೆ ತರತಕ್ಕದ್ದು. ಪಾಲಿಕೆಯ ಅಧಿಕಾರಿಗಳು ಮುಂದಿನ ಆಯವ್ಯಯ ಪಟ್ಟಿಯಲ್ಲಿ ಇದಕ್ಕೊಂದು ಬಾಬನ್ನು ಕಾಣಿಸುವರೆಂದು ನಂಬಿದ್ದೇವೆ. ವಿಜಯನಗರದ ಆ ಮಹನೀಯರು ಅಲ್ಲಿಯವರೆಗೆ ಹಣವನ್ನು ಗಂಟು ಕಟ್ಟಿಡಲಿ. ಮಗಳ ಆಸೆಯನ್ನು ಮಾತ್ರ ಕಟ್ಟಿಡದಿರಲಿ.