ಹೊಗೆ ಕುಡಿದವರಿಗೆ ಪಲ್ಸ್ ಆಕ್ಸಿಮೀಟರ್ ನಂಬಬಹುದೇ?

ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಬಳಿಯ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ 2023ರ ಡಿಸೆಂಬರ್ 31ರ ನಸುಕಿನಲ್ಲಿ ಕೈಗವಸು ತಯಾರಿಸುವ ಕಾರ್ಖಾನೆಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾರ್ಮಿಕರಲ್ಲಿ ಆರು ಮಂದಿ ಸತ್ತರು. 2024ರ ಏಪ್ರಿಲ್ 3ರಂದು ಅದೇ ನಗರದಲ್ಲಿ ಬಟ್ಟೆ ಹೊಲಿಯುವ ಅಂಗಡಿಯೊಂದು ಹೊತ್ತಿಕೊಂಡು, ಮೇಲಿನ ಮನೆಯಲ್ಲಿದ್ದ ಒಂದೇ ಕುಟುಂಬದ ಏಳು ಮಂದಿ ತೀರಿಕೊಂಡರು. ಬೆಂಕಿ ಅವರವರೆಗೆ ಹೋಗಿರಲಿಲ್ಲ, ಉಸಿರುಗಟ್ಟಿ ಸತ್ತರು ಎಂದು ಪೊಲೀಸರು ಆಗ ಹೇಳಿದ್ದರು.

'ಉಸಿರುಗಟ್ಟಿ' ಎಂಬ ಮಾತಿನ ಹಿಂದೆ ಒಂದು ರಸಾಯನಶಾಸ್ತ್ರವಿದೆ. ಬಟ್ಟೆ, ಇದ್ದಿಲು, ಅಡುಗೆ ಅನಿಲ ಯಾವುದೇ ಇರಲಿ, ಧಾರಾಳ ಗಾಳಿಯಲ್ಲಿ ಉರಿದರೆ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಸಾಲದಾದಾಗ ದಹನ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೂ ಆಗದಿರಬಹುದು. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. (ಉಣ್ಣೆ, ನೈಲಾನ್, ಸೋಫಾದ ಫೋಮ್ ಸುಟ್ಟರೆ ಸಯನೈಡ್ ಅನಿಲವೂ ಸೇರಬಹುದು.)

ಆರೈಕೆ ಮಾಡುವವರು ಎಡವುವುದು ಇಲ್ಲೇ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕುತ್ತಾರೆ, 98 ಎಂದು ತೋರಿಸಿದರೆ ನಿರಾಳರಾಗುತ್ತಾರೆ. ಆ ಉಪಕರಣ ರಕ್ತದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಅದಕ್ಕೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಹಾಗಾಗಿ ಆ ಸಂಖ್ಯೆಯನ್ನು ನೆಚ್ಚಬೇಡಿ. ಆಸ್ಪತ್ರೆಯಲ್ಲಿ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಇದಕ್ಕೆ ಮದ್ದು ಆಮ್ಲಜನಕವೇ. ಬರೀ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು; ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಹಾಲು, ಬೆಲ್ಲ ಇದನ್ನು ಹೊರಹಾಕಲಾರವು. ಪ್ರಜ್ಞೆ ಮಂಕಾದವರ ಬಾಯಿಗಂತೂ ಏನನ್ನೂ ಹಾಕಬೇಡಿ. ಮೊದಲು ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಕಾರ್ಖಾನೆಯೇ ಸುಡಬೇಕೆಂದಿಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್, ಚಳಿಗೆ ಕೋಣೆಯೊಳಗಿಟ್ಟ ಇದ್ದಿಲಿನ ಅಗ್ಗಿಷ್ಟಿಕೆ ಕೂಡ ಇದೇ ಅನಿಲ ಬಿಡುತ್ತವೆ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಮಾತ್ರೆ ಹುಡುಕುತ್ತಾ ಕೂರದೆ ಹೊರಗೆ ಬನ್ನಿ.

ಚೇತರಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವರಿಗೆ ಹಲವು ವಾರಗಳ ನಂತರವೂ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಬಹುದು. ಹಾಗಾದರೆ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.